ಬೆಟ್ಟದ ಮೇಲೆ ಎಣ್ಣೆ ಬಾವಿ ಕೊರೆಯೋದು ಹೇಗೆ? ತಮ್ಮನಿಗೆ ಪಾಪುವಾ ನ್ಯೂಗಿನಿಯಿಂದ ಕೆಲಸದ ಕರೆ ಬಂದಿದೆ

ತೀರ್ಥಹಳ್ಳಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ನನ್ನ ತಮ್ಮ ರಾಜಸ್ಥಾನದ ಬಾರ್ಮೇರ್ ಕಡೆ ಎಣ್ಣೆ ಬಾವಿಗಳಲ್ಲಿ ಮಡ್ ಇಂಜಿನಿಯರ್. ಅಂದರೆ ಬಾವಿ ಕೊರೆಯುವಾಗ ಒಳಗೆ ಬಿಡುವ ಕೆಸರಿನಂಥ ದ್ರವವನ್ನು (ಮಡ್) ನೋಡಿಕೊಳ್ಳುವವನು. ಈಗ ಅವನಿಗೆ ಪಾಪುವಾ ನ್ಯೂಗಿನಿ ದೇಶದ ಕುಟುಬು ಅನ್ನುವ ಜಾಗದಿಂದ ಕರೆ ಬಂದಿದೆ. 28 ದಿನ ಅಲ್ಲಿ, 28 ದಿನ ಮನೆಯಲ್ಲಿ. ಸಂಬಳ ಚೆನ್ನಾಗಿದೆ. ಆದರೆ ಅಪ್ಪ ಅಮ್ಮನಿಗೆ ದಿಗಿಲು. ಮೊಬೈಲಿನಲ್ಲಿ ನಕ್ಷೆ ನೋಡಿದರೆ ಊರು ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ. ಬರೀ ಹಸಿರು ಬೆಟ್ಟ.

ಎಣ್ಣೆ ಅಂದರೆ ನಮಗೆ ಗೊತ್ತಿರುವುದು ಮರಳುಗಾಡು ಮತ್ತು ಸಮುದ್ರ. ಇಂಥ ಬೆಟ್ಟದಲ್ಲಿ ಎಣ್ಣೆ ಇದೆ ಅಂತ ಹೇಗೆ ಗೊತ್ತಾಯಿತು? ರಸ್ತೆ ಇಲ್ಲದ ಕಡೆಗೆ ಬಾವಿ ಕೊರೆಯುವ ಅಷ್ಟು ದೊಡ್ಡ ಯಂತ್ರ, ಆ ರಿಗ್, ಹೇಗೆ ಹೋಗುತ್ತದೆ? ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: "ಮಿಸ್, ನಮ್ಮಲ್ಲೂ ಬೆಟ್ಟ, ಕಾಡು, ಮಳೆ ಎಲ್ಲ ಇದೆ. ಎಣ್ಣೆ ಯಾಕಿಲ್ಲ?" ಅವಳಿಗೆ ಸರಿಯಾದ ಉತ್ತರ ಕೊಡಬೇಕು.

ಅಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ತಮ್ಮ ಹೋಗಬಹುದಾ?

ಶಿಲಾಪಾಠ:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಶಿವಮೊಗ್ಗದಲ್ಲಿ ಭೂವಿಜ್ಞಾನ ಪಾಠ ಮಾಡುವವನು ನಾನು.

ಎಣ್ಣೆಗೂ ಬೆಟ್ಟಕ್ಕೂ ನೇರ ಸಂಬಂಧ ಇಲ್ಲ. ಸಂಬಂಧ ಇರುವುದು ಬೆಟ್ಟ ಯಾವ ಕಲ್ಲಿನದು ಅನ್ನುವುದಕ್ಕೆ. ಹಳೆಯ ಸಮುದ್ರದ ತಳದಲ್ಲಿ ಸಣ್ಣ ಜೀವಿಗಳು ಸತ್ತು, ಕೆಸರಿನಲ್ಲಿ ಹೂತು, ಹದವಾದ ಬಿಸಿಯಲ್ಲಿ ಬೆಂದರೆ ಎಣ್ಣೆ. ಬಿಸಿ ಕಡಿಮೆಯಾದರೆ ಏನೂ ಆಗುವುದಿಲ್ಲ. ಹೆಚ್ಚಾದರೆ ಗ್ಯಾಸ್ ಆಗುತ್ತದೆ, ಇನ್ನೂ ಹೆಚ್ಚಾದರೆ ಅದೂ ಉಳಿಯುವುದಿಲ್ಲ. ಹುಟ್ಟಿದ ಎಣ್ಣೆ ಕೂರುವುದಕ್ಕೆ ಸಣ್ಣ ಸಣ್ಣ ತೂತಿರುವ ಮರಳುಗಲ್ಲಿನಂಥ ಕಲ್ಲು ಬೇಕು. ಮೇಲಕ್ಕೆ ಸೋರದ ಹಾಗೆ ಜೇಡಿಗಲ್ಲಿನಂಥ ಮುಚ್ಚಳ ಬೇಕು.

ಮಲೆನಾಡಿನ ಕಲ್ಲು ಬೇರೆ ಜಾತಿ. ಶಿವಮೊಗ್ಗ, ಚಿಕ್ಕಮಗಳೂರು ಸುತ್ತಮುತ್ತ ಇರುವುದು ಧಾರವಾಡ ಶಿಲಾಸಮೂಹ ಎಂಬ ಹಳೆಯ ಕಲ್ಲುಗಳು ಮತ್ತು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. 250 ಕೋಟಿ ವರ್ಷಕ್ಕಿಂತ ಹಳೆಯವು, ಕೆಲವು 300 ಕೋಟಿ ದಾಟಿವೆ. ಆಗ ಭೂಮಿಯ ಮೇಲೆ ಸೂಕ್ಷ್ಮಜೀವಿ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಈ ಕಲ್ಲುಗಳು ಎಷ್ಟೋ ಸಲ ಬೆಂದು, ಒತ್ತಿ, ಹರಳುಗಟ್ಟಿವೆ. ಹಾಗಾಗಿ ಇಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನ ಸಿಗುತ್ತದೆ. ಎಣ್ಣೆ ಸಿಗುವುದಿಲ್ಲ. ನಮ್ಮ ಘಟ್ಟ ಎದ್ದದ್ದೂ ಬೇರೆ ರೀತಿ. ಮಡಗಾಸ್ಕರ್ ನಮ್ಮಿಂದ ಬೇರೆಯಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ. ಹಾಗೆ ಒಡೆದು ಉಳಿದ ನೆಲದ ಅಂಚು ಇದು. ಪಾಪುವಾದ ಬೆಟ್ಟಗಳು ಇನ್ನೂ ಎಳೆಯವು. ಆಸ್ಟ್ರೇಲಿಯಾದ ಭೂಫಲಕ ಉತ್ತರಕ್ಕೆ ನುಗ್ಗಿ ನುಗ್ಗಿ ಸಮುದ್ರದ ಪದರಗಳನ್ನೇ ಮಡಚಿ ಎತ್ತಿದೆ. ಕಂಬಳಿಯನ್ನು ಒಂದು ಕಡೆಯಿಂದ ದೂಡಿದರೆ ಮಡಿಕೆ ಏಳುತ್ತದಲ್ಲ, ಹಾಗೆ. ಆ ಮಡಿಕೆಯ ನೆತ್ತಿಯಲ್ಲೇ ಎಣ್ಣೆ ನಿಲ್ಲುವುದು.

ನಮ್ಮ ಕರಾವಳಿಯಾಚೆ, ಕೇರಳ–ಕೊಂಕಣ ಕಡಲಿನಲ್ಲಿ ಪದರಗಲ್ಲು ಇದೆ. ಅಲ್ಲಿ ಬಾವಿ ಕೊರೆದೂ ನೋಡಿದ್ದಾರೆ. ಲಾಭವಾಗುವಷ್ಟು ಸಿಕ್ಕಿಲ್ಲ. ಆದರೆ ಘಟ್ಟದ ಕೆಳಗೆ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇದೇ ಗಟ್ಟಿ ಕಲ್ಲನ್ನು ಕೊರೆದು 25 ಲಕ್ಷ ಟನ್ ಕಚ್ಚಾ ಎಣ್ಣೆ ತುಂಬಿಡುವ ಗುಹೆ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದು. ದೇಶಕ್ಕೆ ಆಪತ್ತು ಬಂದಾಗ ಬೇಕಾಗುವ ದಾಸ್ತಾನು ಅದು. ಮಕ್ಕಳಿಗೆ ಇದನ್ನೂ ಹೇಳಿ.

ಕುಟುಬು ಬಗ್ಗೆ ಗೊತ್ತಿರುವವರು ಇಲ್ಲಿ ಒಬ್ಬರಿದ್ದಾರೆ. ಸಾಗರ ಸೀಮೆಯವರೇ, ಬನ್ನಿ.

ಸಾಗರ ಸೀಮೆ:

ಕರೆದದ್ದಕ್ಕೆ ಬಂದೆ. ನೋಡಮ್ಮ, ನಾನೂ ನಿನ್ನ ತಮ್ಮನ ಕೆಲಸದವನೇ. ಮಡ್ ಇಂಜಿನಿಯರ್. ಅಸ್ಸಾಂ ಕಡೆ ಶುರು ಮಾಡಿ, ಕುಟುಬು ಮತ್ತು ಅಲ್ಲಿನ ಹೈಡ್ಸ್ ಎಂಬ ಗ್ಯಾಸ್ ಸೀಮೆಯಲ್ಲಿ ದುಡಿದು, ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದು.

ಪಾಪುವಾದಲ್ಲಿ ಎಣ್ಣೆ ಜಿನುಗು ಕಂಡದ್ದು 1911ರಲ್ಲಿ, ವೈಲಾಲ ನದಿಯ ದಡದಲ್ಲಿ. ಅಲ್ಲಿಂದ ಮಾರಾಟಕ್ಕೆ ಸಾಲುವಷ್ಟು ಎಣ್ಣೆ ಸಿಕ್ಕುವುದಕ್ಕೆ 1986 ಆಯಿತು. ಯಾಗಿಫು ಅನ್ನುವ ಬೆಟ್ಟದ ಸಾಲಿನಲ್ಲಿ ಶೆವ್ರಾನ್ ಕಂಪನಿ ಕೊರೆದ ಎರಡನೇ ಬಾವಿ ಅದು. ಎಪ್ಪತ್ತೈದು ವರ್ಷ! ಎಷ್ಟೋ ಕಂಪನಿಗಳು ಬಂದು, ದುಡ್ಡು ಸುರಿದು, ಕೈಬಿಟ್ಟು ಹೋದವು. ಯಾಕೆ ಇಷ್ಟು ತಡ? ಬೆಟ್ಟದ ಮೈ ತುಂಬಾ ಸುಣ್ಣಕಲ್ಲು, ಅದೇ ಕಾರಣ.

ಬಯಲಿನಲ್ಲಿ ಎಣ್ಣೆ ಹುಡುಕುವ ರೀತಿ ಸರಳ. ನೆಲಕ್ಕೆ ಪೆಟ್ಟು ಕೊಡುತ್ತಾರೆ, ಕೆಳಗಿನ ಪದರಗಳಿಂದ ವಾಪಸ್ ಬರುವ ಅಲೆಯನ್ನು ಕೇಳಿಸಿಕೊಳ್ಳುತ್ತಾರೆ. ಸೈಸ್ಮಿಕ್ ಅನ್ನುವುದು ಇದಕ್ಕೇ. ಬಾರ್ಮೇರಿನಲ್ಲಿ ಲಾರಿಯ ಮೇಲೆ ಯಂತ್ರ ಇಟ್ಟು ನೆಲ ನಡುಗಿಸುತ್ತಾರೆ. ಕುಟುಬುವಿನಲ್ಲಿ ಲಾರಿ ಎಲ್ಲಿ ಹೋಗಬೇಕು? ಕತ್ತಿ ಹಿಡಿದು ಕಾಡಿನಲ್ಲಿ ಗೆರೆ ಕಡಿಯಬೇಕು. ಚಿಕ್ಕ ಕೊರೆಯುವ ಯಂತ್ರವನ್ನು ಬಿಚ್ಚಿ ಹೊತ್ತುಕೊಂಡು ಹೋಗಬೇಕು. ಗುಂಡಿ ತೋಡಿ, ಮದ್ದು ಇಟ್ಟು ಸಿಡಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಚಿತ್ರ ಬರುವುದಿಲ್ಲ. ಆ ಸುಣ್ಣಕಲ್ಲು ಸುಮಾರು ಒಂದು ಕಿಲೋಮೀಟರ್ ದಪ್ಪ. ಒಳಗೆಲ್ಲ ಗುಹೆ, ಬಿರುಕು, ಪೊಟರೆ. ಕಳಿಸಿದ ಅಲೆ ಅಲ್ಲೇ ಚದುರಿ ಸತ್ತು ಹೋಗುತ್ತದೆ. ಕೆಳಗಿರುವ ಟೋರೋ ಎಂಬ ಮರಳುಗಲ್ಲಿನ ಪದರದ ತನಕ ಹೋಗಿ ಬರುವುದು ಬಹಳ ಕಡಿಮೆ. ಎಣ್ಣೆ ಇರುವುದು ಆ ಟೋರೋದಲ್ಲೇ. ಅದರ ವಯಸ್ಸು ಸುಮಾರು 14 ಕೋಟಿ ವರ್ಷ.

ಹಾಗಾಗಿ ಅಲ್ಲಿನ ಭೂವಿಜ್ಞಾನಿಗಳು ಕಾಲಲ್ಲೇ ನಡೆದರು. ಹೊಳೆ ಕೊರೆದ ಕಡೆ ಕಲ್ಲಿನ ಪದರ ಎತ್ತ ವಾಲಿದೆ ಅಂತ ಅಳೆದರು. ಇನ್ನೊಂದು ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ಸುಣ್ಣಕಲ್ಲಿನಲ್ಲಿ ಸ್ಟ್ರಾನ್ಷಿಯಂ ಅಂತ ಒಂದು ಧಾತು ಇರುತ್ತದೆ. ಅದರ ಎರಡು ಬಗೆಯ ಪರಮಾಣುಗಳ ಪ್ರಮಾಣ ಸಮುದ್ರದ ನೀರಿನಲ್ಲಿ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. ಬೆಟ್ಟದ ಮೇಲಿನ ಒಂದು ತುಂಡು ಕಲ್ಲಿನಲ್ಲಿ ಅದನ್ನು ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ. ವಯಸ್ಸು ತಿಳಿದರೆ ನಾವು ಸುಣ್ಣಕಲ್ಲಿನ ಮೇಲ್ಭಾಗದಲ್ಲಿದ್ದೇವೋ ಬುಡದಲ್ಲಿದ್ದೇವೋ ಗೊತ್ತಾಗುತ್ತದೆ. ಅಲ್ಲಿಂದ ಟೋರೋ ಇನ್ನೆಷ್ಟು ಕೆಳಗೆ ಅಂತ ಲೆಕ್ಕ. ಮೇಲಿನ ಒಂದು ಕಲ್ಲಿನ ಚೂರಿನಿಂದ ಕೆಳಗಿನ ಆಳ ಹೇಳುವುದು! ತಿಳಿದವರು ಎಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಅದು.

ಇನ್ನು ರಿಗ್. ಹುಡುಕುವ ಹಂತದಲ್ಲಿ ರಸ್ತೆ ಮಾಡುವುದಿಲ್ಲ. ಎಣ್ಣೆ ಇದೆಯೋ ಇಲ್ಲವೋ ಗೊತ್ತಿಲ್ಲದೆ ರಸ್ತೆಗೆ ಯಾರು ದುಡ್ಡು ಹಾಕುತ್ತಾರೆ? ಹೆಲಿಕಾಪ್ಟರಿನಲ್ಲಿ ಸಾಗಿಸುವ ರಿಗ್ ಅಂತಲೇ ಬೇರೆ ಇರುತ್ತದೆ. ಇಡೀ ರಿಗ್ಗನ್ನು ಹೆಲಿಕಾಪ್ಟರ್ ಎತ್ತುವಷ್ಟು ತೂಕದ ತುಂಡುಗಳಾಗಿ ಬಿಚ್ಚಬಹುದು. ಒಂದೊಂದೇ ತುಂಡು ಹಗ್ಗದಲ್ಲಿ ತೂಗಾಡಿಕೊಂಡು ಬೆಟ್ಟಕ್ಕೆ ಹೋಗುತ್ತದೆ. ದೊಡ್ಡ ತುಂಡುಗಳಿಗೆ ಹಿಂದೆ ಮುಂದೆ ಎರಡು ತಿರುಗುವ ರೆಕ್ಕೆ ಇರುವ ಚಿನೂಕ್ ಹೆಲಿಕಾಪ್ಟರ್. ರಿಗ್ ಹೋದ ಮೇಲೆ ಪೈಪು, ಡೀಸೆಲ್, ಸಿಮೆಂಟು, ಅಕ್ಕಿ, ಕೋಳಿ, ಎಲ್ಲ ಅದೇ ದಾರಿ. ಮಡ್ ಕಲಸುವ ನನ್ನ ಬೆಂಟೊನೈಟು ಜೇಡಿ, ಮಡ್‌ಗೆ ತೂಕ ಕೊಡುವ ಬರೈಟು ಪುಡಿ ಕೂಡ. 25 ಕೆ.ಜಿ. ಚೀಲಗಳನ್ನು ಬಲೆಯಲ್ಲಿ ಕಟ್ಟಿ ಕಳಿಸುತ್ತಿದ್ದರು.

ಬೆಳಗ್ಗೆ ಆಕಾಶ ಬಿಟ್ಟಿರುತ್ತದೆ. ಮಧ್ಯಾಹ್ನ ಆಗುವ ಹೊತ್ತಿಗೆ ಮೋಡ ಬೆಟ್ಟದ ಮೇಲೆ ಕೂತರೆ ಮುಗಿಯಿತು, ಹಾರಾಟ ಇಲ್ಲ. ಮಳೆ ವರ್ಷಕ್ಕೆ 4000 ಮಿ.ಮೀ. ದಾಟುತ್ತದೆ. ನಮ್ಮ ಆಗುಂಬೆಯಲ್ಲಿ ಅದಕ್ಕಿಂತ ಬಹಳ ಜಾಸ್ತಿ ಸುರಿಯುತ್ತದೆ, ನಿಜ. ಆದರೆ ನಮ್ಮದು ನಾಲ್ಕು ತಿಂಗಳ ಮಳೆ. ಆಮೇಲೆ ಅಡಿಕೆ ಒಣಗಿಸುವುದಕ್ಕೆ ಬಿಸಿಲು ಇರುತ್ತದೆ. ಅಲ್ಲಿ ಹನ್ನೆರಡು ತಿಂಗಳೂ ಮಳೆ. ಅದಕ್ಕೇ ಬೆಟ್ಟದ ರಿಗ್ಗಿನಲ್ಲಿ ಮಡ್ ಇಂಜಿನಿಯರ್ ದಿನಾ ಬೆಳಗ್ಗೆ ಎದ್ದು ಮೊದಲು ನೋಡುವುದು ಆಕಾಶ, ಆಮೇಲೆ ಗೋಡೌನು. ನಾಳೆ ಹೆಲಿಕಾಪ್ಟರ್ ಬರದಿದ್ದರೆ ಬಾವಿ ಹಿಡಿದು ನಿಲ್ಲಿಸುವಷ್ಟು ಬರೈಟ್ ಇದೆಯಾ? ಇದೇ ಪ್ರಶ್ನೆ.

ಶಿಕಾರಿಪುರ ಬೋರ್‌ವೆಲ್:

ಅಣ್ಣಾ, ನಾವು ಬೋರ್‌ವೆಲ್ ಗಾಡಿ ಓಡಿಸೋರು. ಒಂದು ಅನುಮಾನ. ನಮ್ಮಲ್ಲಿ ಕಂಪ್ರೆಸರ್ ಗಾಳಿ ಬಿಟ್ಟು ಕಲ್ಲಿನ ಪುಡಿ ಮೇಲೆ ಹಾರಿಸ್ತೀವಿ. ಗಟ್ಟಿ ಕಲ್ಲು ಸಿಗೋ ತನಕ ಕೇಸಿಂಗ್ ಇಳಿಸ್ತೀವಿ. ಮಡ್ ಅಂತ ಏನೂ ಇಲ್ಲ. ನೀವು ಹೇಳೋ ಗುಹೆ ಇರೋ ಕಲ್ಲಲ್ಲಿ ಮಡ್ ಬಿಟ್ರೆ ಅದು ಗುಹೆಗೇ ಹೋಗಲ್ವಾ?

ಸಾಗರ ಸೀಮೆ:

ಹೋಗುತ್ತದೆ ತಮ್ಮಾ. ಅದೇ ಅಲ್ಲಿನ ದೊಡ್ಡ ಕಷ್ಟ. ನೀನು ಸರಿಯಾದ ಜಾಗದಲ್ಲಿ ಕೈ ಇಟ್ಟೆ.

ಎಣ್ಣೆ ಬಾವಿಯಲ್ಲಿ ಮಡ್ ಪೈಪಿನ ಒಳಗಿನಿಂದ ಇಳಿದು, ತುದಿಯ ಕೊರೆಯುವ ಡ್ರಿಲ್ ಬಿಟ್‌ನ ಬಾಯಿಂದ ಹೊರಗೆ ಬಂದು, ಕಲ್ಲಿನ ಪುಡಿ ಹೊತ್ತು ಮೇಲೆ ಬರಬೇಕು. ಸುಣ್ಣಕಲ್ಲಿನ ಗುಹೆ ಸಿಕ್ಕಿದ ಕೂಡಲೇ ವಾಪಸ್ ಬರುವ ಮಡ್ ನಿಂತು ಹೋಗುತ್ತದೆ. ತೊಟ್ಟಿಯಲ್ಲಿ ಮಟ್ಟ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಸಣ್ಣ ಬಿರುಕಾದರೆ ತೌಡು, ನಾರು, ಅಭ್ರಕ, ಕಾಯಿ ಚಿಪ್ಪಿನ ಪುಡಿ ಕಲಸಿ ಬಿಟ್ಟು ಮುಚ್ಚುತ್ತೇವೆ. ಆಗದಿದ್ದರೆ ಸಿಮೆಂಟು. ಆದರೆ ಮನೆಯಷ್ಟು ಗುಹೆಗೆ ಏನು ಹಾಕಿ ತುಂಬುವುದು? ಆಗ ಮಡ್ ಬಿಟ್ಟು ಬರೀ ನೀರಿನಲ್ಲಿ ಕೊರೆಯಬೇಕು. ಕಲ್ಲಿನ ಪುಡಿ ಗುಹೆಯಲ್ಲೇ ಹೋಗಿ ಬೀಳುತ್ತದೆ, ಮೇಲೆ ಏನೂ ಬರುವುದಿಲ್ಲ. ಕಣ್ಣು ಕಟ್ಟಿ ಕೊರೆದ ಹಾಗೆಯೇ. ಭೂವಿಜ್ಞಾನಿಗೆ ನೋಡುವುದಕ್ಕೆ ಒಂದು ಚೂರು ಕಲ್ಲೂ ಸಿಗುವುದಿಲ್ಲ. ಕೆಲವು ಕಡೆ ಗಾಳಿ ಮತ್ತು ನೊರೆಯಲ್ಲಿ ಕೊರೆಯುತ್ತಾರೆ. ಅದು ನಿಮ್ಮ ಕೆಲಸಕ್ಕೆ ಹತ್ತಿರ.

ಅಷ್ಟು ಮಳೆ ಬಂದರೂ ಸುಣ್ಣಕಲ್ಲಿನ ಬೆಟ್ಟದ ಮೇಲೆ ಹಳ್ಳ ಇರುವುದಿಲ್ಲ. ಬಿದ್ದ ನೀರೆಲ್ಲ ತೂತಿನಲ್ಲಿ ಇಳಿದು ಹೋಗುತ್ತದೆ. ಬಾವಿಗೆ ಸುರಿಯುವ ನೀರನ್ನು ದೂರದ ಕಣಿವೆಯಿಂದ ಪಂಪು ಹಾಕಿ ತರಬೇಕು. ಮೈಮೇಲೆ ಜಡಿಮಳೆ, ಕಾಲಲ್ಲಿ ಉಂಬಳ, ತೊಟ್ಟಿಯಲ್ಲಿ ನೀರಿಲ್ಲ. ಹೊಸದಾಗಿ ಬಂದವರು ಇದನ್ನು ನಂಬುವುದಿಲ್ಲ.

ಸುಣ್ಣಕಲ್ಲು ದಾಟಿದ ಮೇಲೆ ಜೇಡಿಗಲ್ಲು. ಬೆಟ್ಟ ಇನ್ನೂ ಒತ್ತುತ್ತಾ ಇದೆ ಅಲ್ವಾ, ಆ ಒತ್ತಡಕ್ಕೆ ಜೇಡಿಗಲ್ಲು ಬಾವಿಯೊಳಗೆ ಕುಸಿಯುತ್ತದೆ. ಪೈಪು ಸಿಕ್ಕಿ ಹಾಕಿಕೊಳ್ಳುತ್ತದೆ. ಪದರಗಳು ಕಡಿದಾಗಿ ವಾಲಿರುವುದರಿಂದ ಡ್ರಿಲ್ ಬಿಟ್ ನೇರ ಹೋಗದೆ ಒಂದು ಕಡೆಗೆ ಎಳೆಯುತ್ತದೆ. ಅದನ್ನು ತಿದ್ದುತ್ತಾ ಹೋಗಬೇಕು. ಮುಚ್ಚಳ ದಾಟಿ ಎಣ್ಣೆಯ ಪದರ ಮುಟ್ಟುವ ಮೊದಲು ಸುಣ್ಣಕಲ್ಲಿಗೆಲ್ಲ ಕೇಸಿಂಗ್ ಇಳಿಸಿ ಸಿಮೆಂಟ್ ಮಾಡಿರಲೇಬೇಕು. ಯಾಕೆಂದರೆ ಕೆಳಗಿನ ಗ್ಯಾಸನ್ನು ತಡೆದು ನಿಲ್ಲಿಸುವುದು ಮಡ್‌ನ ತೂಕ. ಮೇಲೆ ಗುಹೆ ಬಾಯಿ ತೆರೆದಿದ್ದು ಮಡ್ ಇಳಿದು ಹೋದರೆ ಗ್ಯಾಸ್ ನುಗ್ಗುತ್ತದೆ. ಬಿಒಪಿ ಅಂತ ದೊಡ್ಡ ಕವಾಟ ಬಾವಿಯ ಬಾಯಲ್ಲಿ ಇರುತ್ತದೆ. ಅದು ಕೊನೆಯ ಬಾಗಿಲು. ಮೊದಲ ಬಾಗಿಲು ಮಡ್. ಟೀಚರಮ್ಮ, ನಿನ್ನ ತಮ್ಮನ ಕೆಲಸ ಎಂಥದ್ದು ಅಂತ ಅಮ್ಮನಿಗೆ ಇದನ್ನು ಓದಿ ಹೇಳು. ಸಣ್ಣ ಕೆಲಸ ಅಲ್ಲ.

ಎಣ್ಣೆ ಸಿಕ್ಕಿತು, ಆಮೇಲೆ? ಸಮುದ್ರಕ್ಕೆ ತಲುಪಿಸಬೇಕಲ್ಲ. ಕುಟುಬುವಿನಿಂದ ಕಿಕೋರಿ ನದಿಯ ಸೀಮೆ ದಾಟಿ ಪಾಪುವಾ ಕೊಲ್ಲಿಯ ಕುಮುಲ್ ತನಕ ಸುಮಾರು 265 ಕಿ.ಮೀ. ಪೈಪ್‌ಲೈನ್ ಹಾಕಿದರು. ಕೊನೆಯ ಭಾಗ ಕಡಲಿನ ತಳದಲ್ಲಿದೆ, ಅಲ್ಲಿ ಹಡಗು ಬಂದು ತುಂಬಿಕೊಳ್ಳುತ್ತದೆ. ನಮ್ಮ ಕಡೆಯವರಿಗೆ ಕುದುರೆಮುಖ ನೆನಪಿರಬೇಕು. ಅಲ್ಲಿಂದ ಪಣಂಬೂರಿಗೆ 67 ಕಿ.ಮೀ. ಪೈಪಿನಲ್ಲಿ ಅದಿರಿನ ಕೆಸರು ಇಳಿಯುತ್ತಿತ್ತು, 2005ರ ಕೊನೆಗೆ ಗಣಿ ನಿಲ್ಲುವ ತನಕ. ಘಟ್ಟದಲ್ಲಿ ಪೈಪು ಹೂಳುವುದು ಅಂದರೆ ಏನು, ಧರೆ ಕುಸಿದರೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಕುಟುಬುವಿನ ಮೊದಲ ಹಡಗು ಹೊರಟದ್ದು 1992ರಲ್ಲಿ. ಶುರುವಿನ ವರ್ಷಗಳಲ್ಲಿ ದಿನಕ್ಕೆ ಲಕ್ಷ ಬ್ಯಾರಲ್ ಮೀರಿ ಬರುತ್ತಿತ್ತು. ಈಗ ಎಣ್ಣೆ ಬಹಳ ಇಳಿದಿದೆ. ಗ್ಯಾಸೇ ಮುಖ್ಯ. ಅದು ರಾಜಧಾನಿ ಪೋರ್ಟ್ ಮೋರ್ಸ್ಬಿ ಹತ್ತಿರ ದ್ರವವಾಗಿ 2014ರಿಂದ ಹಡಗು ಹತ್ತುತ್ತಿದೆ. ಆ ಕೆಲಸಕ್ಕೆ ದೊಡ್ಡ ಯಂತ್ರ ಇಳಿಸಲೆಂದೇ ಬೆಟ್ಟದ ನಡುವೆ ಕೋಮೋ ಎಂಬಲ್ಲಿ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಮಾಡಿದರು. ಆಂಟೊನೊವ್ ಎಂಬ ಭಾರೀ ಸರಕು ವಿಮಾನ ಬಂದು ಇಳಿಯಿತು. ರಸ್ತೆಯೇ ಇಲ್ಲದ ಸೀಮೆಯಲ್ಲಿ!

ತೀರ್ಥಹಳ್ಳಿ ಟೀಚರ್:

ಇಬ್ಬರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಬೇರೆಯೇ. "ಆ ಬೆಟ್ಟದಲ್ಲಿ ಮೊದಲಿಂದ ಇದ್ದ ಜನ ಏನಾದರು?" ಅಂತ. ನಮ್ಮ ಅಮ್ಮನ ತವರು ಶರಾವತಿ ಹಿನ್ನೀರಿನ ಕಡೆ. ಅದಕ್ಕೇ ಕೇಳಿದರು ಅನಿಸುತ್ತದೆ. ಹಾಗೆಯೇ ಭೂಕಂಪದ ವಿಷಯ ಯಾರೋ ಹೇಳಿದರು. ನಿಜವಾ?

ಸಾಗರ ಸೀಮೆ:

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಮ್ಮದೂ ಮುಳುಗಡೆ ಮನೆತನವೇ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜನ ಗದ್ದೆ, ತೋಟ, ಮನೆ ಎಲ್ಲ ನೀರಿನಡಿ ಹೋಯಿತು. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಅಂತ ನಮ್ಮ ಅಪ್ಪ ಕಚೇರಿಗೆ ಅಲೆದದ್ದನ್ನು ನೋಡುತ್ತಾ ಬೆಳೆದವನು ನಾನು. ನಾಡಿಗೆಲ್ಲ ಬೆಳಕು ಕೊಟ್ಟ ನೆಲದವರು ಇವತ್ತಿಗೂ ಕಾಗದ ಹಿಡಿದು ನಿಂತಿದ್ದಾರೆ. ಹಾಗಾಗಿ ಅಲ್ಲಿ ಹೋದಾಗ ನಾನೂ ಮೊದಲು ಕೇಳಿದ್ದು ಇದನ್ನೇ.

ಪಾಪುವಾದಲ್ಲಿ ನೂರಕ್ಕೆ 97 ಭಾಗ ನೆಲ ಕುಲಗಳದ್ದು. ಸರ್ಕಾರದ್ದಲ್ಲ. ಕುಟುಬು ಕೆರೆಯ ಸುತ್ತ ಫೋಯಿ ಮತ್ತು ಫಾಸು ಜನ. ನೆಲದಡಿಯ ಎಣ್ಣೆ ಮಾತ್ರ ಸರ್ಕಾರದ್ದು ಅಂತ ಕಾನೂನು ಹೇಳುತ್ತದೆ. ಜನ ಅದನ್ನು ಮನಸಾರೆ ಒಪ್ಪಿಲ್ಲ. ಆದರೂ ರಾಯಲ್ಟಿಯಲ್ಲಿ, ಅಂದರೆ ಎಣ್ಣೆ ತೆಗೆದದ್ದಕ್ಕೆ ಕಂಪನಿ ಕೊಡುವ ಹಣದಲ್ಲಿ, ಅವರಿಗೆ ಪಾಲಿದೆ. ಬಾವಿಯ ಬಾಯಲ್ಲಿ ಎಣ್ಣೆಗೆ ಇರುವ ಬೆಲೆಯ ನೂರಕ್ಕೆ ಎರಡರಷ್ಟು ಆ ರಾಯಲ್ಟಿ. 1998ರ ಕಾನೂನಿನ ಪ್ರಕಾರ ಕಂಪನಿ ಮೊದಲೇ ಯಾವ ನೆಲ ಯಾರದ್ದು, ಯಾರ ಅಜ್ಜ ಎಲ್ಲಿದ್ದ ಅಂತ ಕೂತು ಕೇಳಿ ಬರೆದುಕೊಳ್ಳಬೇಕು. ಕೆಲಸ ಶುರುವಾಗುವ ಮೊದಲೇ ನೆಲದವರ ಹೆಸರು ಬರೆಯಬೇಕು ಅನ್ನುವ ನಿಯಮವೇ ನಮ್ಮ ಅಜ್ಜನ ಕಾಲದಲ್ಲಿ ಇಲ್ಲಿ ಇದ್ದಿದ್ದರೆ ಅಂತ ಎಷ್ಟೋ ಸಲ ಅನಿಸಿದೆ.

ಎಲ್ಲ ಸರಿಯಾಗಿ ನಡೆದಿದೆ ಅಂತ ಹೇಳುತ್ತಿಲ್ಲ. ಗ್ಯಾಸಿನ ಹಡಗು 2014ರಲ್ಲೇ ಹೊರಟಿತು. ಹೈಡ್ಸ್ ಕಡೆಯ ಜನರಿಗೆ ಮಾತ್ರ ನಿಜವಾದ ವಾರಸುದಾರರು ಯಾರು ಅಂತ ತೀರ್ಮಾನವಾಗದೆ ವರ್ಷಗಟ್ಟಲೆ ರಾಯಲ್ಟಿ ಸಿಗಲಿಲ್ಲ. ಜಗಳ ಆಯಿತು. ಕೆಲಸ ನಿಂತಿತು. ನನ್ನ ಅಭಿಪ್ರಾಯ ಇಷ್ಟೇ. ಬೆಟ್ಟದಲ್ಲಿ ಎಣ್ಣೆ ತೆಗೆಯುವುದರಲ್ಲಿ ಕೊರೆಯುವುದು ಕಾಲು ಭಾಗ. ಸಾಮಾನು ಸಾಗಿಸುವುದು, ನೆಲದವರ ಜೊತೆ ಮಾತು ಉಳಿಸಿಕೊಳ್ಳುವುದು ಉಳಿದ ಮುಕ್ಕಾಲು. ತಮ್ಮನಿಗೆ ಹೇಳು: ರಿಗ್ಗಿನಲ್ಲಿ ಕೂಲಿಗೆ ಬರುವ ಹುಡುಗರು ಆ ನೆಲದ ಒಡೆಯರು. ಕೆಲಸದಲ್ಲಿ ಅವನು ಮೇಲಿನವನಾಗಿರಬಹುದು, ನೆಲದ ಮೇಲೆ ಅವನು ನೆಂಟ. ಟೋಕ್ ಪಿಸಿನ್ ಅಂತ ಅಲ್ಲಿನ ಎಲ್ಲರ ಮಾತು. ಸ್ವಲ್ಪ ಕಲಿತರೆ ಸಾಕು, ಬಹಳ ಪ್ರೀತಿಯ ಜನ.

ಭೂಕಂಪ ನಿಜ. 2018ರ ಫೆಬ್ರವರಿ 26ಕ್ಕೆ 7.5 ತೀವ್ರತೆಯದು. ಗುಡ್ಡದ ಗುಡ್ಡವೇ ಜಾರಿತು. ನೂರಕ್ಕೂ ಹೆಚ್ಚು ಜನ ಸತ್ತರು, ಹಳ್ಳಿಗಳು ಹೂತು ಹೋದವು. ಎಣ್ಣೆ, ಗ್ಯಾಸ್ ಎರಡೂ ನಿಲ್ಲಿಸಬೇಕಾಯಿತು. ಬೆಟ್ಟ ಇನ್ನೂ ಬೆಳೆಯುತ್ತಿರುವ ಸೀಮೆ ಅದು. ಎಣ್ಣೆಯನ್ನು ಹಿಡಿದಿಟ್ಟ ಒತ್ತಡವೇ ನೆಲವನ್ನೂ ಅಲ್ಲಾಡಿಸುತ್ತದೆ.

ಹೋಗಬಹುದಾ ಅಂದರೆ, ಹೋಗಲಿ. ಬಾರ್ಮೇರಿನಲ್ಲಿ ಸಿಗದ ಕಲಿಕೆ ಅಲ್ಲಿ ಸಿಗುತ್ತದೆ. ಆದರೆ ಸಹಿ ಹಾಕುವ ಮೊದಲು ಕೆಲವು ವಿಷಯ ಬರವಣಿಗೆಯಲ್ಲಿ ಕೇಳಲಿ. ನೇರ ಕಂಪನಿಯ ಕೆಲಸವಾ, ಏಜೆನ್ಸಿಯದ್ದಾ? ಕೆಲಸದ ಪರವಾನಗಿ ಯಾರು ಮಾಡಿಸುತ್ತಾರೆ? ಇದು ನನಗೆ ಸುಟ್ಟ ಅನುಭವ. ಮೊದಲ ಸಲ ನನ್ನನ್ನು ಕಳಿಸಿದ ಏಜೆನ್ಸಿಯೊಂದು ವಾಪಸ್ ಬರುವ ಟಿಕೆಟಿನ ದುಡ್ಡನ್ನು ನನ್ನ ಸಂಬಳದಲ್ಲೇ ಹಿಡಿಯಿತು. ರಿಗ್ಗಿನಲ್ಲಿ ಡಾಕ್ಟರ್ ಇರುತ್ತಾರಾ? ಬೆಟ್ಟದಲ್ಲಿ ರಾತ್ರಿ ಹೆಲಿಕಾಪ್ಟರ್ ಹಾರುವುದಿಲ್ಲ, ಹಾಗಾಗಿ ಸಂಜೆ ಹೊಟ್ಟೆನೋವು ಬಂದರೆ ಬೆಳಗಿನ ತನಕ ಅಲ್ಲೇ ಇರಬೇಕು. ಮಲೇರಿಯಾ ಮಾತ್ರೆ ಹೋಗುವ ಮೊದಲೇ ಶುರು ಮಾಡಬೇಕು. ಕ್ಯಾಂಪಿನಲ್ಲಿ ಮದ್ಯ ಪೂರ್ತಿ ನಿಷೇಧ. ಇದನ್ನು ಅಪ್ಪನಿಗೂ ಹೇಳು, ಸಮಾಧಾನ ಆಗಬಹುದು. ಪೋರ್ಟ್ ಮೋರ್ಸ್ಬಿಯಲ್ಲಿ ಒಂಟಿಯಾಗಿ ಸುತ್ತುವುದು ಬೇಡ. ಕಂಪನಿ ಗಾಡಿಯಲ್ಲೇ ಓಡಾಡಲಿ. ಅಲ್ಲಿಂದ ಚಿಕ್ಕ ವಿಮಾನದಲ್ಲಿ ಮೋರೋ ಎಂಬಲ್ಲಿ ಇಳಿದರೆ ಆಮೇಲೆ ಕ್ಯಾಂಪಿನವರೇ ನೋಡಿಕೊಳ್ಳುತ್ತಾರೆ. ಉಪ್ಪಿನಕಾಯಿ ತೆಗೆದುಕೊಂಡು ಹೋಗುವುದಿದ್ದರೆ ಮೊದಲು ಅಲ್ಲಿನ ಕ್ವಾರಂಟೈನ್ ನಿಯಮ ನೋಡಲಿ.

ಕೆಲಸದ ಪತ್ರ ಕೈಗೆ ಬಂದ ಮೇಲೆ ಹೆಸರು, ಸಂಬಳದ ಅಂಕಿ ಮುಚ್ಚಿ ಇಲ್ಲೇ ಹಾಕಮ್ಮ. ಕರಾರಿನ ಭಾಗ ನಾನು ಓದಿ ಹೇಳುತ್ತೇನೆ.